ಮುರಿಯದೆ ಉಳಿದ ನೆಟಿಗೆ

ಹುಣಸೂರು
೧೯೩೮ನೇ ಇಸವಿ ಫೆಬ್ರವರಿ ೨೧, ಸೋಮವಾರ

ಪ್ರೀತಿಯ ಮಗಳು ಮಲ್ಲಿಗೆ,

ಹೇಗಿದ್ದೀಯವ್ವ? ಮೈಯಲ್ಲಿ ಶಕ್ತಿ ಬಂತೆ? ಬಾಣಂತನದ ನಡುನೋವು ಇನ್ನೂ ಇದ್ದರೆ ಉದಾಸೀನ ಮಾಡಬೇಡ. ಮಗುವಿಗೆ ಏಳು ತಿಂಗಳು ತುಂಬಿತಲ್ಲ, ಕೂರುತ್ತಾನೋ ಇಲ್ಲವೋ, ಹಲ್ಲು ಮೂಡಿತೋ ಏನೋ, ತಾತನಾಗಿ ಇದನ್ನೆಲ್ಲ ಕಾಗದದಲ್ಲಿ ಕೇಳಬೇಕಾಗಿದೆ. ಅಳಿಯಂದಿರಾದ ನೀಲಕಂಠಸ್ವಾಮಿಯವರಿಗೂ ನಿಮ್ಮತ್ತೆ ಚೆಲುವಮ್ಮನವರಿಗೂ ನನ್ನ ಶರಣು ತಿಳಿಸು. ನನ್ನ ಹಿಂದಿನ ಎರಡು ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ತಪ್ಪಿಲ್ಲ ಬಿಡು. ಅವುಗಳಲ್ಲಿ ಇದ್ದದ್ದಾದರೂ ಏನು, ಅಂಗಡಿಯ ಹಗ್ಗದ ವ್ಯಾಪಾರ, ಎಮ್ಮೆ ಕರು ಹಾಕಿದ್ದು, ಹೇಳಬೇಕಾದ್ದೊಂದನ್ನು ಬಿಟ್ಟು ಊರ ಸುದ್ದಿಯೆಲ್ಲ. ಈ ಕಾಗದ ಹಾಗಲ್ಲ. ಮಗುವನ್ನು ಮಲಗಿಸಿ ಕೂತು ಓದು. ಅರ್ಧಕ್ಕೆ ಮಡಚಿಟ್ಟರೆ ನನ್ನಾಣೆ.

ನಿನ್ನನ್ನು ಗಂಡನ ಮನೆಗೆ ಕಳಿಸಿದ ದಿನ ನೆನಪಿದೆಯಲ್ಲ. ನೆನಪಿಲ್ಲದೆ ಏನು, ಎರಡು ವರ್ಷದಿಂದ ಅದನ್ನೇ ಗಂಟು ಕಟ್ಟಿಕೊಂಡು ಕೂತಿದ್ದೀಯ. ಗಾಡಿ ಕಟ್ಟಿ ನಿಲ್ಲಿಸಿದ್ದೆವು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿನ್ನ ಕೆನ್ನೆ ಸವರಿ, ಬೆರಳು ಮಡಚಿ ತಮ್ಮ ಹಣೆಯ ಎರಡೂ ಪಕ್ಕಕ್ಕೆ ಒತ್ತಿ ಲಟಲಟ ಎಂದು ನೆಟಿಗೆ ಮುರಿದು ದೃಷ್ಟಿ ತೆಗೆದರು. ಎದುರುಮನೆಯ ಜಮೀಲುನ್ನೀಸಾ ಕೂಡ ಓಡಿ ಬಂದು ಮುರಿದಳು. ನಿನ್ನ ತಾಯಿಯ ಸರದಿ ಬಂದಾಗ ಅವಳು ಸೆರಗಿನೊಳಗೆ ಕೈ ಇಟ್ಟುಕೊಂಡು ನಿಂತೇ ಇದ್ದಳು. ಆಮೇಲೆ ಒಳಗೆ ಹೋಗಿಬಿಟ್ಟಳು. ಬಾಣಂತನಕ್ಕೆ ಕರೆಯಲು ನಾನು ನಿಮ್ಮ ಹೊಸ ಅಗ್ರಹಾರಕ್ಕೆ ಬಂದಾಗ ನೀನು ಹೊಸ್ತಿಲ ಮೇಲೆ ನಿಂತು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: 'ಒಂದು ನೆಟಿಗೆ ಮುರಿಯಾಕೆ ಕೈ ಬರ್ನಿಲ್ಲ ಅವ್ವಂಗೆ. ಅಂಥ ಮನೇಗೆ ಬಾಣಂತನಕ್ಕೆ ನಾ ಬರಾಕಿಲ್ಲ ಕಣಪ್ಪ.' ಆಗಲೇ ನಿಜ ಹೇಳಿಬಿಡಬೇಕಿತ್ತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಹಾಗೆ, ಉಗುಳಲೂ ಆಗದೆ ನುಂಗಲೂ ಆಗದೆ, ಬಂದ ಗಾಡಿಯಲ್ಲೇ ವಾಪಸ್ಸು ಬಂದೆ.

ಮಲ್ಲೀ, ನಿನ್ನ ತಾಯಿಗೆ ಇದ್ದದ್ದು ಹಲ್ಲುನೋವಲ್ಲ. ಮದುವೆಗೆ ಮೊದಲು ಎರಡು ದವಡೆಹಲ್ಲು ಕೀಳಿಸಿದ್ದು ನೀನು ಕಂಡದ್ದೇ. ಹಲ್ಲು ಹೋಯಿತು, ನೋವು ಅಲ್ಲೇ ಉಳಿಯಿತು. ಎಡಗಡೆ ಹಣೆಯಿಂದ ತುಟಿಯವರೆಗೆ ಕಾದ ಸೂಜಿ ಎಳೆದ ಹಾಗೆ ಬರುತ್ತಿತ್ತು. ಗಾಳಿ ಸೋಕಿದರೆ, ನೀರು ತಾಗಿದರೆ, ಆಕಳಿಸಿದರೆ ಸಾಕು. ಹಣೆಗೆ ವಿಭೂತಿಯನ್ನೂ ಬಲಗಡೆ ಅರ್ಧಕ್ಕೇ ಹಚ್ಚುತ್ತಿದ್ದಳು. ಅವಸರದವಳು ಎಂದು ನೀನು ನಗುತ್ತಿದ್ದೆ. ನಿನ್ನನ್ನು ಕಳಿಸಿದ ದಿನ ಬೆಳಗಿನಿಂದ ನೋವು ಬಿಟ್ಟಿರಲಿಲ್ಲ. ಹಣೆಗೆ ಕೈ ಒತ್ತಿದ್ದರೆ ಬೀಗರೆದುರು ಕಿರುಚಿ ಬೀಳುತ್ತಿದ್ದಳು. ಒಳಗೆ ಹೋದವಳು ಒರಳಿನ ಪಕ್ಕ ಗೋಡೆಗೆ ಮುಖ ಮಾಡಿ, ನಿನ್ನ ಗಾಡಿಯ ಗೆಜ್ಜೆ ಕೇಳಿಸುತ್ತಿದ್ದಷ್ಟು ಹೊತ್ತೂ ಕೂತಿದ್ದಳು. ತಾಯಿಯ ರೋಗ ಮಗಳಿಗೂ ಬಂದೀತೆಂದು ಬೀಗರು ಹಿಂದೆ ಸರಿದಾರು, ಮಲ್ಲಿಗೂ ಹೇಳಬೇಡ, ಹುಡುಗಿ ಎಲ್ಲಾದರೂ ಬಾಯಿ ಬಿಟ್ಟಾಳು ಎಂದು ಕಟ್ಟಪ್ಪಣೆ ಮಾಡಿದವನು ನಾನು. ನಿನ್ನ ಕೋಪ ನನ್ನ ಮೇಲೆ ಬೀಳಬೇಕಿತ್ತು ಕಣವ್ವ. ಅವಳ ಮೇಲೆ ಬಿತ್ತು. ಅಷ್ಟಾದರೂ ಅವಳು ನನ್ನನ್ನು ಒಂದು ದಿನವೂ ಆಡಿಕೊಂಡವಳಲ್ಲ.

ಮಾಡದ ಮದ್ದಿಲ್ಲ. ಹ್ಯಾಂಡ್‌ಪೋಸ್ಟ್ ಊರಿನ ಕಡೆಯ ನಾಟಿವೈದ್ಯರೊಬ್ಬರು ಕಿವಿಯ ಹಿಂದೆ ಬರೆ ಹಾಕಿದರು. ಅದು ಬೇರೆ ಹುಣ್ಣಾಯಿತು. ಜಮೀಲುನ್ನೀಸಾಳ ಯಜಮಾನರು, ನಮ್ಮ ದರ್ಜಿ ಅಬ್ದುಲ್ ರಹಮಾನ್ ಸಾಹೇಬರು, ಗಾಳಿ ತಾಗದ ಹಾಗೆ ಒಳಗೆ ಹತ್ತಿ ಇಟ್ಟು ದೊಡ್ಡದೊಂದು ಕುಲಾವಿ ಹೊಲಿದುಕೊಟ್ಟರು. ನಲವತ್ತೈದರ ಹೆಂಗಸು ಎಳೆಗೂಸಿನ ಹಾಗೆ ಕುಲಾವಿ ಕಟ್ಟಿಕೊಂಡು ರಾಗಿ ಬೀಸುತ್ತಿದ್ದಳು. ನಾನು ಗೇಲಿ ಮಾಡಿದರೆ ಅವಳು ನಗಲು ಹೋಗುತ್ತಿದ್ದಳು, ನೋವು ಹತ್ತಿಕೊಳ್ಳುತ್ತಿತ್ತು. ಆಮೇಲೆ ಈ ಮನೆಯಲ್ಲಿ ಗೇಲಿಯೂ ನಿಂತುಹೋಯಿತು.

ಹೋದ ಕಾರ್ತೀಕದಲ್ಲಿ ಸಾಹೇಬರೇ ವಿಚಾರಿಸಿಕೊಂಡು ಬಂದರು, ಮೈಸೂರಿನಲ್ಲಿ ಒಬ್ಬ ಡಾಕ್ಟರು ಹೊಸದೊಂದು ಸೂಜಿಮದ್ದು ಹಾಕುತ್ತಾರೆಂದು. ಕೆನ್ನೆಯೊಳಗೆ ಉದ್ದದ ಸೂಜಿ ಇಳಿಸಿ ನರದ ಬುಡಕ್ಕೆ ಸ್ಪಿರಿಟ್ಟು ಬಿಡುವುದು. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಆ ಡಾಕ್ಟರು ಪುಣ್ಯಾತ್ಮರು, ಮುಚ್ಚುಮರೆ ಮಾಡಲಿಲ್ಲ. ನೋವಿನ ಜೊತೆಗೆ ಮುಟ್ಟಿದ್ದು ತಿಳಿಯುವುದೂ ಹೋಗಬಹುದು, ಹೋದದ್ದು ಮತ್ತೆ ಬರುತ್ತದೆಂದು ಹೇಳಲಾರೆ ಎಂದರು. ನಾನು ಎದ್ದು ನಿಂತು, ಬಾ ಮನೆಗೆ ಹೋಗೋಣ ಎಂದೆ. ಅವಳು ಏಳಲಿಲ್ಲ. 'ಮೊಮ್ಮಗ ಹುಟ್ಟವ್ನೆ. ಅವನ್ಗಾದ್ರೂ ಒಂದು ನೆಟಿಗೆ ಮುರೀಬೇಕು ಕಣ್ರೀ. ಕೆನ್ನೆ ಸತ್ರೆ ಸಾಯ್ಲಿ ಬುಡಿ' ಎಂದಳು.

ಸೂಜಿ ಹಾಕುವಾಗ ನನ್ನನ್ನು ಹೊರಗೆ ನಿಲ್ಲಿಸಿದರು. ಒಳಗಿನಿಂದ ಅವಳು ಕೂಗಿದ್ದು ಕೇಳಿ ನನಗೆ ಶಿವನ ಹೆಸರೂ ನೆನಪಿಗೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಎರಡೂ ಕೈಯಲ್ಲಿ ನೀರು ಮೊಗೆದು ಮುಖ ತೊಳೆದಳು. ಹಣೆಯ ತುಂಬ ಮೂರು ಬೆರಳ ವಿಭೂತಿ ಎಳೆದಳು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಬೇಕೆಂದು ಹಟ ಹಿಡಿದು ಹುಣಸೂರಿನವರೆಗೂ ಗಾಳಿಗೆ ಮುಖ ಕೊಟ್ಟು ಕೂತಳು. ಅವತ್ತಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಹಿತ್ತಲ ಬಾಗಿಲಲ್ಲಿ ಹೊಸ ಅಗ್ರಹಾರದ ದಿಕ್ಕಿಗೆ ನಿಂತು, ಗಾಳಿಯಲ್ಲೇ ಕೈ ಸವರಿ ನೆಟಿಗೆ ಮುರಿಯುತ್ತಾಳೆ. ಮೊದಲು ನಿನಗೆ, ಆಮೇಲೆ ಮಗುವಿಗೆ.

ಡಾಕ್ಟರು ಹೇಳಿದ ಇನ್ನೊಂದು ಮಾತೂ ನಿಜವಾಯಿತು. ಎಡಗೆನ್ನೆಗೆ ಈಗ ಏನೂ ತಿಳಿಯುವುದಿಲ್ಲ. ಮುದ್ದೆಯ ಚೂರು ತುಟಿಯಂಚಿಗೆ ಅಂಟಿದ್ದರೆ ನಾನು ಸನ್ನೆ ಮಾಡಬೇಕು. ಬಿಸಿ ಸಾರು ಬಾಯಿ ಸುಟ್ಟದ್ದು ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಒಂದು ದಿನ ಸಾಹೇಬರ ಪುಟ್ಟ ಮೊಮ್ಮಗಳು ಇವಳ ತೊಡೆಯ ಮೇಲೆ ಕೂತು ಎಡಗೆನ್ನೆ ತಟ್ಟುತ್ತಿದ್ದಳು. ಇವಳು ತನ್ನ ಪಾಡಿಗೆ ಅಕ್ಕಿ ಆರಿಸುತ್ತಿದ್ದಳು. ಕೂಸು ಎರಡೂ ಕೈಯಲ್ಲಿ ತಟ್ಟಿತು, ಆಗಲೂ ತಿರುಗಲಿಲ್ಲ. ನಾನು ಹೇಳಿದ ಮೇಲೆ ಮೊರ ಕೆಳಗಿಟ್ಟು ಕೂಸಿನ ಕೈ ಹಿಡಿದುಕೊಂಡಳು. 'ನೋವಿದ್ದಾಗ ಕೆನ್ನೆ ನಂದಾಗಿತ್ತು. ಈಗ ಯಾರ್ದೋ ಕೆನ್ನೆ ಹೊತ್ಕಂಡು ತಿರುಗ್ದಂಗದೆ' ಎಂದಳು. ನನಗೆ ಅಳು ತಡೆಯಲಾಗಲಿಲ್ಲ ಮಗಳೇ. ಅಂಗಡಿಯಲ್ಲಿ ಹಗ್ಗದ ಕಂತೆಗಳ ಹಿಂದೆ ಹೋಗಿ ನಿಂತುಕೊಂಡೆ.

ಆ ಕುಲಾವಿ ಬೇಡವಾಯಿತಲ್ಲ, ಅದನ್ನು ಬಿಚ್ಚಿಸಿ ಸಾಹೇಬರ ಕೈಯಲ್ಲಿ ಮಗುವಿಗೊಂದು ಹೊಲಿಸಿದ್ದಾಳೆ. ಅಳತೆ ಎಲ್ಲಿಂದ ಬರಬೇಕು, ಮಗುವನ್ನು ಕಂಡಿದ್ದರೆ ತಾನೆ. ಸಾಹೇಬರ ಮೊಮ್ಮಗಳ ತಲೆ ನೋಡಿ ಅಂದಾಜು ಮಾಡಿದಳು. ಅಂಚೆಯಲ್ಲಿ ಕಳಿಸೋಣ ಎಂದರೆ ಒಪ್ಪುವುದಿಲ್ಲ. ಶಿವರಾತ್ರಿ ಹತ್ತಿರ ಬಂತು. ನಾನೇ ಗಾಡಿ ಕಟ್ಟಿಕೊಂಡು ಬರುತ್ತೇನೆ, ಹೊರಟು ಬಾ. ದಾರಿಯುದ್ದಕ್ಕೂ ನನಗೆ ಬೆನ್ನು ತಿರುಗಿಸಿ ಕೂತರೂ ಸರಿ, ನಾನು ಅದಕ್ಕೆ ತಕ್ಕವನೇ. ಅವಳಿಗೆ ಮಾತ್ರ ನಿನ್ನ ಮುಖ ತೋರಿಸು.

ಶಿವ ನಿನ್ನನ್ನೂ ನಿನ್ನ ಮಡಿಲನ್ನೂ ತಣ್ಣಗಿಟ್ಟಿರಲಿ. ಮಗುವಿನ ಅಂಗಾಲಿಗೆ ಈ ತಾತನ ಮುತ್ತು.

ನಿನ್ನ ತಪ್ಪಿತಸ್ಥ ಅಪ್ಪ,
ಕಂಠಪ್ಪ

ಇನ್ನೊಂದು ಮಾತಿದೆ, ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಏಳದೆ ಬಿಟ್ಟದ್ದು. ಅಂಚೆಯವನು ಬಾಗಿಲಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಸೂಜಿಯಿಂದ ಎಡಗಣ್ಣಿಗೂ ಏನು ಬಿದ್ದರೂ ತಿಳಿಯದು, ದಿನಾ ಸಂಜೆ ದೀಪ ಹಿಡಿದು ಕಣ್ಣು ನೋಡಿ ತೊಳೆಯಬೇಕು ಎಂದು ಡಾಕ್ಟರು ನನಗೇ ಹೇಳಿದ್ದರು. ನಾನು ಹಗ್ಗ ಮಾರಲು ಹಾರನಹಳ್ಳಿಗೆ ಹೋಗಿ ನಾಲ್ಕು ದಿನ ತಪ್ಪಿಸಿದೆ. ರಾಗಿ ಕೇರುವಾಗ ಹೊಟ್ಟು ಬಿದ್ದಿತ್ತು, ಅವಳಿಗೆ ತಿಳಿಯಲಿಲ್ಲ. ಕೆಂಪಾಗಿ ಕೀವು ತುಂಬಿ ಆ ಕಣ್ಣು ಹೋಯಿತು. ಮಗಳು ಕನಿಕರಕ್ಕೆ ಬರುವುದು ಬೇಡ, ಬರೆಯಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಬಂದಾಗ ಗೊತ್ತಿದ್ದವಳ ಹಾಗೆ ಇರಬೇಡ. ಸುಮ್ಮನೆ ಹೋಗಿ ಅವಳ ಬಲಗಡೆ ಕೂತುಕೋ. ಮಗುವನ್ನೂ ಬಲಗಡೆಗೇ ಕೊಡು.