ಮೊದಲ ತುತ್ತು

ಇಳಕಲ್ಲ,
ಮಂಗಳವಾರ

ಚಿಗವ್ವನಿಗೆ ಮಾಂತೇಶನ ಶರಣು.

ನನ್ನ ಹೊಸ ಪತ್ತೇದಾರಿ ಕಾದಂಬರಿ ಮತ್ತೊಮ್ಮೆ ಅಚ್ಚಾಗಿದೆ. ನಿನಗೆ ಕಳಿಸಿಲ್ಲ. ಆದರೂ ವಿದ್ಯಾಗಿರಿಯ ನಿನ್ನ ಖಾನಾವಳಿಗೆ ಬರುವ ಕಾಲೇಜು ಹುಡುಗರು ಅದರ ಕತೆ ಹೇಳಿಯೇ ಇರುತ್ತಾರೆ.

ಅದರಲ್ಲಿ ಖಾನಾವಳಿಯವಳೊಬ್ಬಳು ಅಗಸಿ ಚಟ್ನಿಯಲ್ಲಿ ವಿಷ ಬೆರೆಸುತ್ತಾಳೆ. ಮಂದಿಯೆಲ್ಲ ಉಂಡೇಳುವ ತನಕ ಆಕೆ ಒಂದು ತುತ್ತೂ ಮುಟ್ಟುವುದಿಲ್ಲ. ಪತ್ತೇದಾರನಿಗೆ ಅನುಮಾನ ಬರುವುದೇ ಅಲ್ಲಿ. ಸುಳಿವೊಂದು ಬೇಕಿತ್ತು, ನಿನ್ನ ನೇಮವನ್ನು ಎತ್ತಿಕೊಂಡೆ. "ಹಸದು ಬಂದವ್ರು ಉಂಡ ಮ್ಯಾಲ ನಾವು ಉಣ್ಣೂದಪಾ" ಎಂಬ ನಿನ್ನ ಮಾತನ್ನು ಮಾತ್ರ ಬಿಟ್ಟೆ.

ಹೋದ ವಾರ ಬಂದಾಗ ಮೇಜುಗಳೆಲ್ಲ ಖಾಲಿ ಇದ್ದವು. "ಕಾಲೇಜಿಗಿ ಸೂಟಿ ಐತಿ" ಎಂದೆ ನೀನು. ಬಾಜೂ ಖಾನಾವಳಿಯಲ್ಲಿ ಹುಡುಗರಿಗೆ ಕೂಡಲು ಜಾಗವಿರಲಿಲ್ಲ. ನೀನು ನನಗೆ ತಾಟು ಹಚ್ಚಿ ಕೊಟ್ಟೆ. ಆಮೇಲೆ ಅದೇ ತಾಟಿನ ರೊಟ್ಟಿ ಮುರಿದು, ಚಟ್ನಿ ಹಚ್ಚಿಕೊಂಡು, ನನ್ನೆದುರೇ ಬಾಯಿಗೆ ಹಾಕಿಕೊಂಡೆ. "ಈಗ ಉಣ್ಣಪಾ" ಎಂದೆ. ನನ್ನನ್ನು ಚುಚ್ಚಬೇಕೆಂದು ಮಾಡಿದ್ದಲ್ಲ, ಬಂದವರೆದುರು ಮೊದಲ ತುತ್ತು ತಿಂದು ತೋರಿಸುವುದೇ ನಿನ್ನ ಕೈಗೆ ರೂಢಿಯಾಗಿಹೋಗಿತ್ತು.

ಕಾದಂಬರಿಯಿಂದ ಆ ಚಟ್ನಿಯ ಪ್ರಸಂಗ ತೆಗೆಯಿರೆಂದು ಪ್ರಕಾಶಕರನ್ನು ಕೇಳಿದೆ. "ಮಂದಿ ಓದೂದ ಅದಕ್ಕರೀ" ಎಂದರು.

ಸೋಮವಾರ ಮಧ್ಯಾಹ್ನ ಬರುತ್ತೇನೆ. ಬಾಗಿಲ ಹತ್ತಿರ, ರಸ್ತೆಗೆ ಕಾಣುವ ಮೇಜಿಗೆ ಕೂಡಿಸು. ಅಗಸಿ ಚಟ್ನಿಯನ್ನೇ ಬಡಿಸು. ನೀನು ಮುಟ್ಟಬೇಡ ಚಿಗವ್ವ. ನಾನು ಉಂಡೇಳುವ ತನಕ ಹಸಿದಿರು.

ನಿನ್ನ ರೊಟ್ಟಿಯಲ್ಲಿ ಬೆಳೆದ,
ಮಾಂತೇಶ