ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ

ನವೆಂಬರ್ 12
ರೊಟ್ಟಿ, ಪಲ್ಯ, ಮಾವನ ಮಾತ್ರೆ, ನಮ್ಮ ಅಕ್ಕಿ ಮಿಲ್ಲಿಗೆ ಟೀ ಫ್ಲಾಸ್ಕು. ಮುಗಿಯಿತು. ಆಮೇಲೆ ಕೊಟ್ರಯ್ಯ ಮೇಷ್ಟ್ರ ಮನೆ — ಹಿಂದಿನ ಓಣಿ, ರಿಟೈರ್ ಆದವರು. ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟಿದ್ದೇನೆ. ಹೊತ್ತು ಹೋಗಲಿ ಅಂತ, ಎಂದು ಮನೆಯಲ್ಲಿ ಹೇಳಿದ್ದು. ಸುಳ್ಳು. ಸ್ಫೂರ್ತಿಯ ಸೊಕ್ಕು ಮುರಿಯಬೇಕು, ಅಷ್ಟೇ.

ಸ್ಫೂರ್ತಿ ಮೈದುನನ ಹೆಂಡತಿ. ಸಂಡೂರಿನವಳು. ಎಂ.ಎ., ಬಿ.ಎಡ್. ಹೊಸಪೇಟೆಯ ಒಂದು ಪ್ರೈವೇಟ್ ಶಾಲೆಯಲ್ಲಿ ಕನ್ನಡ ಮಿಸ್ಸು. ನಾನು ಮೆಟ್ರಿ ಹಳ್ಳಿಯವಳು, ಕಂಪ್ಲಿಯ ಈ ಮನೆಗೆ ಸೊಸೆ. ಬಾಯಲ್ಲಿ ಹ ನಿಲ್ಲುವುದಿಲ್ಲ. "ಆಲಲ್ರಿ ಅಕ್ಕ, ಹಾಲು" — ಬಂದ ದಿನದಿಂದ ಇದೇ ಹಾಡು.

ಆಗಸ್ಟಿನಲ್ಲಿ ಮಿಲ್ಲಿನ ಹೊಸ ಮಷೀನಿಗೆ ಪೂಜೆ. ಅಕ್ಷರ ದುಂಡಗಿದೆ ಎಂದು ಬೋರ್ಡ್ ಬರೆಯಲು ನನಗೇ ಹೇಳಿದರು. ಎಲ್ಲಿ ಹ ಬಿಟ್ಟುಹೋದೀತೋ ಎಂಬ ಹೆದರಿಕೆ. ಒಂದು ಹ ಜಾಸ್ತಿಯೇ ಹಾಕಿದೆ. ಆದರದ ಸ್ವಾಗತ ಹೋಗಿ 'ಸರ್ವರಿಗೂ ಹಾದರದ ಸ್ವಾಗತ' ಆಯಿತು.

ಸ್ಫೂರ್ತಿ ತಿದ್ದಬಹುದಿತ್ತು. ಚಾಕ್‌ಪೀಸ್ ಅಲ್ಲೇ ಇತ್ತು. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಬೋರ್ಡಿನ ಪಕ್ಕ ನಾನು, ರೇಷ್ಮೆ ಸೀರೆ, ಹಲ್ಲು ಬಿಟ್ಟುಕೊಂಡು. ತಾಳಿ ಕಟ್ಟಿದ ಬಸವಕುಮಾರನೂ ನಗುವ ಗೊಂಬೆ ಒತ್ತಿದ.

ನವೆಂಬರ್ 20
ಗಾದೆ ವಿಸ್ತರಣೆ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಶುದ್ಧ ಸುಳ್ಳು. ಮಾತು ಬಲ್ಲವರೇ ಬೆಂಕಿ ಹಚ್ಚಿ ದೂರ ನಿಲ್ಲುತ್ತಾರೆ — ಹಾಗೇ ಬರೆದೆ, ಎರಡು ಪುಟ. ಮೇಷ್ಟ್ರು ಕನ್ನಡಕ ತೆಗೆದರು. "ಗಾದಿ ವಿಸ್ತರಿಸವ್ವ. ಗಾದಿ ಜೋಡಿ ಜಗಳಾಡಬ್ಯಾಡ."

ಡಿಸೆಂಬರ್ 4
ಪ್ರಬಂಧ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ವಿಷಯ: ಮೊಬೈಲಿನ ಅನುಕೂಲ, ಅನಾನುಕೂಲ. ಅನಾನುಕೂಲ ಮೂರು ಪುಟ ಬಂತು. ಅನುಕೂಲ ಒಂದು ಸಾಲು.
"ತಕ್ಕಡಿ ಸಮ ಇರ್ಬೇಕಲ್ಲ ತಾಯಿ."
"ಕೈ ಬರ್ಲಿಲ್ರಿ ಮೇಷ್ಟ್ರ."
"ಯಾರ ಮ್ಯಾಲ ಇಷ್ಟು ಸಿಟ್ಟು?"
ಅನುಕೂಲಕ್ಕೆ ಇನ್ನೊಂದು ಸಾಲು ಸೇರಿಸಿದೆ.

ಡಿಸೆಂಬರ್ 15, ಭಾನುವಾರ
ಮನೆಮಂದಿಯೆಲ್ಲ ಹಂಪಿಗೆ. ದರ್ಶನ ಆಯಿತು. ಬಜಾರಿನ ಕಲ್ಲು ಮಂಟಪದ ನೆರಳಲ್ಲಿ ಬುತ್ತಿ ಬಿಚ್ಚಿದ್ದೆವು. ಸ್ಫೂರ್ತಿಯ ದೊಡ್ಡಮ್ಮ ಸಂಡೂರಿನಿಂದ ಬಂದಿದ್ದಳು. ನನ್ನ ಮುಖ ದಿಟ್ಟಿಸಿ, "ಆ ಬೋರ್ಡಿನೋರು ನೀವ ಅಲ್ರಿ?" ಅಂದಳು. ಸಂಡೂರಿಗೂ ಮುಟ್ಟಿದೆ. ಸ್ಫೂರ್ತಿ ಮೊಸರನ್ನದಲ್ಲಿ ಮುಖ ಹುದುಗಿಸಿ ನಗು ನುಂಗಿದಳು. ಸಾಕು. ಇನ್ನು ಅಂಕ ಗಿಂಕ ಅಲ್ಲ. ಅವಳ ಆ ಮಿಸ್‌ಗಿರಿಯೇ ಹೋಗಬೇಕು.

ಡಿಸೆಂಬರ್ 28
ಪತ್ರಲೇಖನ. ಐದು ಅಂಕ. ಇಂದ, ಗೆ, ಮಾನ್ಯರೇ, ವಿಷಯ, ಒಡಲು, ಇಂತಿ. ಪ್ರಶ್ನೆಯಲ್ಲಿ 'ನಿಮ್ಮನ್ನು ಇಂಥವರೆಂದು ಭಾವಿಸಿಕೊಂಡು' ಎಂದಿರುತ್ತದೆ. ಉತ್ತರದಲ್ಲಿ ಸ್ವಂತ ಹೆಸರು ಹಾಕುವಂತಿಲ್ಲ.
"ಹಾಳ್ಯಾಗ ನೀನು ಶಾಂಭವಿ ಅಲ್ಲವ್ವ. ಅವರು ಯಾರಂತಾರೋ ಅಕಿ," ಅಂದರು ಮೇಷ್ಟ್ರು.
ಇಷ್ಟು ಚಂದದ ವಿದ್ಯೆ ಇದೆ ಎಂದು ಗೊತ್ತೇ ಇರಲಿಲ್ಲ. ವಾರವೆಲ್ಲ ಬರೀ ಪತ್ರ. ರಜಾ ಕೋರಿ, ಶುಲ್ಕ ವಿನಾಯಿತಿ ಕೋರಿ, ಗ್ರಂಥಾಲಯ ಕೋರಿ... ಈಗ ಕೈ ತಾನೇ ಓಡುತ್ತದೆ.

ಜನವರಿ 9
ಬರೆದೆ. ಅವಳ ಶಾಲೆಯ ಕಾರ್ಯದರ್ಶಿಗೆ. ನಾನು ಶಾಂಭವಿ ಅಲ್ಲ — ಏಳನೇ ಕ್ಲಾಸಿನ ಅಂಜಲಿಯ ತಾಯಿ ವಿರುಪಮ್ಮ. ಹಳ್ಳಿ ಮಾತಾಡುತ್ತಾಳೆಂದು ನನ್ನ ಮಗಳನ್ನು ಮಿಸ್ ಕ್ಲಾಸಿನಲ್ಲಿ ಅಣಕಿಸಿದ್ದಾರೆ. ತಪ್ಪು ಬರೆದದ್ದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ದಾರೆ. ಮಗು ಊಟ ಬಿಟ್ಟಿದೆ. ಊಟ ಬಿಟ್ಟದ್ದು ಯಾರು ಎಂದು ನನಗೆ ಗೊತ್ತು. ಒಂದು ಹ ತಪ್ಪಿಲ್ಲ. ಹೊಸಪೇಟೆಗೆ ಹೋಗಿ ಅಲ್ಲಿನ ಡಬ್ಬಿಗೇ ಹಾಕಿದೆ, ಕಂಪ್ಲಿಯ ಮುದ್ರೆ ಬೀಳಬಾರದಲ್ಲ. ಹೊಟ್ಟೆ ತಣ್ಣಗಾಯಿತು.

ಜನವರಿ 24
ಸ್ಫೂರ್ತಿ ಮಧ್ಯಾಹ್ನವೇ ಮನೆಗೆ ಬಂದಳು. ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದರಂತೆ. ಮಗುವಿನ ತಪ್ಪು ವಾಟ್ಸಾಪಿಗೆ ಹೋದ ವಿಷಯವಲ್ಲವೇ, ಆಡಳಿತದವರಿಗೆ ನಡುಕ ಹುಟ್ಟಿದೆ. ಕಣ್ಣು ಕೆಂಪಗಿತ್ತು. ಶೇಂಗಾ ಹೋಳಿಗೆ ಮಾಡಿದೆ. ಇವತ್ತೇನು ಹಬ್ಬ ಅಂತ ಯಾರೂ ಕೇಳಲಿಲ್ಲ. ಅವಳಿಗೆ ಎರಡು ಬಡಿಸಿದೆ, ತುಪ್ಪ ಸುರಿದು.

ಜನವರಿ 27
ಊಟಕ್ಕೆ ಕೂತಾಗ ಸ್ಫೂರ್ತಿ ಅತ್ತೆಗೆ ಹೇಳುತ್ತಿದ್ದಳು. ಕಾರ್ಯದರ್ಶಿ ಇವತ್ತು ಕರೆಸಿ ಪತ್ರ ತೋರಿಸಿದರಂತೆ.
"ಒಂದು ತಮಾಷಿ ಅತ್ತಿ. ಬರದಾಕಿ ಹುಡುಗಿ ತಾಯಿ ಅಂತ. ಕೆಳಗ ಸಹಿ ಮಾತ್ರ 'ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ' ಅಂತ ಐತಿ."
"ತಾಯಿ ಹೆಂಗ ವಿದ್ಯಾರ್ಥಿನಿ ಆಗ್ತಾಳವ್ವ?" ಅತ್ತೆ ನಕ್ಕರು.
"ಅದ ನಾನೂ ವಿಚಾರ ಮಾಡಾಕತ್ತೀನ್ರಿ. ಯಾರೋ ಹೊಸದಾಗಿ ಪತ್ರ ಬರಿಯೋದು ಕಲಿಯಾಕತ್ತಿರ್ಬೇಕು."
ನನ್ನ ಕಡೆ ನೋಡಲಿಲ್ಲ. ಸಾರು ನೀಡಿರಿ ಎಂದು ತಟ್ಟೆ ಚಾಚಿದಳು. ಅನ್ನ ಮುಳುಗುವಷ್ಟು ಸುರಿದೆ.
ಹಾಳಾದ ಕೈ. ಅಷ್ಟೂ ಪತ್ರಕ್ಕೆ ಒಂದೇ ಬಾಲ ಹಚ್ಚಿ ಹಚ್ಚಿ...

ಫೆಬ್ರವರಿ 16
ಪತ್ರ ಬರೆದವರು ಸಿಗುವವರೆಗೆ ವಿಚಾರಣೆ ಮುಗಿಯುವುದಿಲ್ಲವಂತೆ, ಸ್ಫೂರ್ತಿ ಇನ್ನೂ ಮನೆಯಲ್ಲೇ. ಬೈದಿದ್ದರೆ ಬೈಯುತ್ತಿದ್ದೆ. ಸುಮ್ಮನಿದ್ದು ಕೊಲ್ಲುತ್ತಿದ್ದಾಳೆ. ಇವತ್ತು ಎಲ್ಲರೆದುರು, "ಅತ್ತಿ, ಹೆಂಗೂ ಖಾಲಿ ಕುಂತೀನಿ. ಅಕ್ಕಗ ನಾನ ಕಲಸ್ತೀನಿ," ಅಂದಳು. ಅತ್ತೆಗೆ ಆನಂದ. ಬಸವಕುಮಾರನಿಗೂ. "ಮಸ್ತ್ ಆತಲ್ಲೇ, ಮನ್ಯಾಗ ಮಿಸ್ ಇಟ್ಕೊಂಡು ಹೊರಗ್ಯಾಕ ಹೋಗ್ಬೇಕು?"

ಫೆಬ್ರವರಿ 17, ಮಧ್ಯಾಹ್ನ
ಪಡಸಾಲೆ. ಅತ್ತೆ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಾರೆ. ಸ್ಫೂರ್ತಿ ಬಿಳಿ ಹಾಳೆ ಇಟ್ಟು ಪ್ರಶ್ನೆ ಹೇಳಿದಳು, ಡಿಕ್ಟೇಶನ್ ಕೊಡುವ ಹಾಗೆ: "ನಿಮ್ಮನ್ನು ಕಂಪ್ಲಿಯ ಶಾಂಭವಿ ಎಂದು ಭಾವಿಸಿಕೊಂಡು, ಹೊಸಪೇಟೆಯ ಶಾಲೆಯೊಂದರ ಕಾರ್ಯದರ್ಶಿಗೆ ನಿಜ ತಿಳಿಸಿ ಪತ್ರ ಬರೆಯಿರಿ."
"ಸ್ವಂತ ಹೆಸರು ಬರೀಬಾರ್ದಂತ..."
"ಇದು ಪರೀಕ್ಷಿ ಅಲ್ರಿ ಅಕ್ಕ."
ಟೀ ಇಡಲು ಒಳಗೆ ಹೋಗಿದ್ದಾಳೆ. ಬರುವಷ್ಟರಲ್ಲಿ ಮುಗಿಸಿರಬೇಕಂತೆ. ಬರೆದರೆ ನಾಳೆ ಅವಳು ಮತ್ತೆ ಶಾಲೆಗೆ, ಮಿಸ್ಸು. ಬರೆಯದಿದ್ದರೆ ಅತ್ತೆಗೆ ಹೇಳುತ್ತಾಳೆ, ಈಗಲೇ, ಟೀ ಕೊಡುತ್ತಾ. ಹಾಳೆಯ ಮರೆಯಲ್ಲಿ ಈ ಡೈರಿ ಇಟ್ಟುಕೊಂಡು ಇದರಲ್ಲೇ ಬರೆಯುತ್ತಿದ್ದೇನೆ. ಅತ್ತೆಗೆ ನಾನು ಬರೆಯುತ್ತಿರುವುದು ಕಂಡು ಖುಷಿ.
ಒಳಗಿನಿಂದ ಕೇಳುತ್ತಿದ್ದಾಳೆ, "ಅಕ್ಕ, ಹೆಸರು ಬರದ್ರಿ?"
ಮೊದಲು ಇಲ್ಲಿ ಬರೆದು ನೋಡುತ್ತೇನೆ. ಕೈ ಓಡುತ್ತದೋ ಇಲ್ಲವೋ.
ಇಂದ,
ಶಾಂ