ಕಡಲದಂಡೆ ಬೆಂಚುಗಳ ವಾರಂಟಿ

ಮಾರ್ಚ್ 12, ಮಂಗಳವಾರ

ಮತ್ತೆ ಕಡಲದಂಡೆ ಬೆಂಚುಗಳ ದೂರು. ಈ ತಿಂಗಳಲ್ಲಿ ಆರನೆಯದು. ಎದುವಿಹಿಸ್ ಅಜ್ಜಿಯ ಲಂಗ ತುಕ್ಕಿಗೆ ಸಿಕ್ಕಿ ಹರಿದಿದೆ. ನಮ್ಮ ಪುರಸಭೆ ಕಚೇರಿಯ ಸಾಹೇಬರು ತಲೆ ಎತ್ತದೆಯೇ ಹೇಳಿದರು:

"ಸೋಮವಾರ ಹನ್ನೊಂದು ಬೆಂಚನ್ನೂ ಕೀಳ್ಸಿ ಗುಜರಿಗೆ ಹಾಕ್ಸಮ್ಮ, ಇಸೊಲಿನಾ. ಹೊಸದಕ್ಕೆ ಪುರಸಭೆ ಹತ್ರ ದುಡ್ಡಿಲ್ಲ."

ಮುದುಕರೆಲ್ಲ ಎಲ್ಲಿ ಕೂರಬೇಕು? ಬೆಂಚುಗಳ ಹಳೆ ಫೈಲ್ ಹುಡುಕಲು ಹೋದೆ.

ಅದೇ ದಿನ, ಮಧ್ಯಾಹ್ನ 3

ಫೈಲಿನ ತಳದಲ್ಲಿ ವಾರಂಟಿ ಪತ್ರ! ತುಕ್ಕು ಹಿಡಿದರೆ ಕಂಪನಿಯೇ ಹೊಸ ಬೆಂಚು ಕೊಡಬೇಕು. ಹತ್ತು ವರ್ಷ. ಮುಗಿಯುವುದು ಈ ಶುಕ್ರವಾರ, ಸಂಜೆ ನಾಲ್ಕಕ್ಕೆ! ಒಂದೊಂದು ಬೆಂಚಿನ ನಂಬರ್ ಪ್ಲೇಟಿನ ಫೋಟೋ ಕಳಿಸಬೇಕಂತೆ. ಬೆಂಚಿಗೆ ನಂಬರ್ ಪ್ಲೇಟೇ? ಒಂದನ್ನೂ ಕಂಡಿಲ್ಲ…

ಮಾರ್ಚ್ 13, ಬುಧವಾರ

ಸಿಕ್ಕಿತು! ಸೀಟಿನ ಅಡಿಯಲ್ಲಿ. ಪ್ರತಿ ಕಾರ್ನಿವಲ್ ಹಬ್ಬಕ್ಕೂ ಬಳಿದ ನೀಲಿ ಬಣ್ಣದ ಕೆಳಗೆ. ಡಾಮಿನೊ ಆಡುವ ಮುದುಕರು ಆಟ ಬಿಟ್ಟು, ನೆಲದ ಮೇಲೆ ಅಂಗಾತ ಮಲಗಿ, ಅಡುಗೆಮನೆ ಚಾಕುಗಳಲ್ಲಿ ಕೆರೆದರು.

"ಏಯ್ ನೆರೆಯೊ, ಹೊಟ್ಟೆ ಒಳಗೆಳ್ಕೊಳ್ಳೋ! ಅಡೀಲಿ ಸಿಕ್ಕಾಕ್ಕೊಂಡ್ರೆ ನಿನಗೆ ವಾರಂಟಿ ಇಲ್ಲ!" ಎಂದರು ಅಜ್ಜಿ.

ಹತ್ತು ಪ್ಲೇಟ್ ಸಿಕ್ಕವು. ಹನ್ನೊಂದನೇ ಬೆಂಚಿನಲ್ಲಿ ಸ್ಕ್ರೂ ತೂತು ಮಾತ್ರ.

ಮಾರ್ಚ್ 15, ಶುಕ್ರವಾರ, 3.55

ಮೂರೂವರೆಗೆ ಡಾಮಿನೊ ಮುದುಕ ನೆರೆಯೊ ಕಚೇರಿಗೆ ಬಂದ. ಟೋಪಿ ಕೈಯಲ್ಲಿ, ಮುಖ ಸಣ್ಣದು.

"ಬೈಬೇಡ ಮಗಳೇ. ನಮ್ಮ ಆಟದ ಮೇಜು ಅಲ್ಲಾಡ್ತಿತ್ತು. ಕಾಲಡಿಗೆ ಕೊಡೋಕೆ ಒಂದು ತಗಡು ಬೇಕಿತ್ತು… ಆ ಪ್ಲೇಟು ನಾನೇ ಬಿಚ್ಚಿದ್ದೆ."

ಬೈಯಲು ಪುರುಸೊತ್ತೆಲ್ಲಿ! ತಬ್ಬಿಕೊಂಡೆ. ಆಟದ ಮೇಜಿನ ಹತ್ತಿರ ಓಡಿದೆವು. ಫೋಟೋ ತೆಗೆದು 3.51ಕ್ಕೆ ಕಳಿಸಿದೆ. ಹೋಯಿತು!!

ಮಾರ್ಚ್ 20, ಬುಧವಾರ

ಕಂಪನಿಯವರು ಬಂದು ನೋಡುವವರೆಗೆ ಬೆಂಚು ಕೀಳದಂತೆ ಸಾಹೇಬರನ್ನು ಒಪ್ಪಿಸಿದ್ದೆ. ಇವತ್ತು ರಾಜಧಾನಿ ಸಾಂತೊ ದೊಮಿಂಗೊದಿಂದ ಕಂಪನಿಯ ಇಂಜಿನಿಯರ್ ಬಂದ. ಗರಿಗರಿ ಇಸ್ತ್ರಿ ಅಂಗಿ.

"ಇದು ಕಡಲ ಗಾಳಿಗೆ ಹಿಡಿದ ತುಕ್ಕು, ಮೇಡಂ. ವಾರಂಟಿ ಬರಲ್ಲ."

ಆದರೆ ಪತ್ರ ನನಗೆ ಬಾಯಿಪಾಠ. "ಎರಡನೇ ಪುಟ ಓದಿ ಸಾರ್. 'ಕಡಲತೀರಕ್ಕೆಂದೇ ತಯಾರಿಸಿದ್ದು' — ನೀವೇ ಬರೆದಿದ್ದು."

"ಕಡಲದಂಡೇಲಿ ಕಡಲ ಗಾಳಿ ಬರದೆ ಫ್ಯಾನ್ ಗಾಳಿ ಬರತ್ತೇನಪ್ಪಾ?" ಎಂದರು ಅಜ್ಜಿ. ಎಲ್ಲರೂ ಗೊಳ್ಳೆಂದರು. ಅವನೂ ನಕ್ಕ. ಬೆಂಚಿನ ಕಾಲನ್ನು ಪೆನ್ನಿನಿಂದ ಚುಚ್ಚಿ ನೋಡಿದ. ಪೆನ್ನು ಒಳಗೇ ಹೋಯಿತು! ನನ್ನ ಪೆನ್ನು ಇಸಿದುಕೊಂಡು, ಹೊಸ ಬೆಂಚಿಗೆ ಒಪ್ಪಿ ಸಹಿ ಹಾಕಿದ.

ಮೇ 9, ಗುರುವಾರ

ಲಾರಿ ಬಂತು! ಹನ್ನೊಂದೂ ಬಂದವು! ಸಾಹೇಬರು ಫೋಟೋಗೆ ನಿಂತಿದ್ದಾರೆ — ನಿಲ್ಲಲಿ.

ಅಜ್ಜಿ ಹೊಸ ಸೀಟನ್ನು ಅಂಗೈಯಲ್ಲಿ ಸವರಿದರು. "ಇದಕ್ಕೆಷ್ಟು ವರ್ಷ?"

"ಹತ್ತು, ಅಜ್ಜಿ."

ಬೆರಳು ಮಡಿಸಿ ಎಣಿಸಿದರು. "ಅಷ್ಟೊತ್ತಿಗೆ ನನಗೆ ತೊಂಬತ್ತೊಂದು. ಸರಿ, ಅಲ್ಲೀತನಕ ನಾನೇ ಕೂತು ಚೆಕ್ ಮಾಡ್ತೀನಿ."

ರಸ್ತೆಯ ಈಚೆ, ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ನೆರೆಯೊ ಕೂಗುತ್ತಿದ್ದಾನೆ, ಜಾಗ ಹಿಡಿದಿದ್ದಾನಂತೆ. ಹತ್ತು ವರ್ಷ ದಿನವೂ ಇಲ್ಲೇ ಹಾದು ಹೋದವಳು, ಒಮ್ಮೆಯೂ ಕೂತಿಲ್ಲ. ಈಗ —